ಹನಾ ಅಂದರೆ ಏನು?

ತೊಟ್ಟಿಲು ಕಿರುಗುಟ್ಟದೆ ಇದ್ದಿದ್ದರೆ ಪೆಟ್ಟಿಗೆ ಗುಮಾಸ್ತನು ಈ ಹೊತ್ತಿಗೂ ತನ್ನ ಒರಗು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದ. ಆದರೆ ಅದು ಕಿರುಗುಟ್ಟಿತು. ಮುದಿ ಬಾತುಕೋಳಿಯ ಕುತ್ತಿಗೆಯನ್ನು ಯಾರೋ ಮೆಲ್ಲಗೆ ತಿರುಚಿದ ಹಾಗೆ ಕಿರುಗುಟ್ಟಿತು. ಆಗಷ್ಟೇ ಕಣ್ಣು ಮುಚ್ಚಿದ್ದ ಹಸುಗೂಸು ಕಣ್ಣು ಬಿಟ್ಟಿತು. ಕಣ್ಣಿನ ಹಿಂದೆಯೇ ಬಾಯನ್ನೂ ಬಿಟ್ಟಿತು.

ಈ ಗುಮಾಸ್ತನಿಗೆ ಬಂದರಿನ ಗೋದಾಮಿನಲ್ಲಿ ಕೆಲಸ. ಹಡಗಿನಿಂದ ಇಳಿದ ಪೆಟ್ಟಿಗೆಗಳ ಮೇಲಿನ ಗುರುತನ್ನು ಓದಿ, ಯಾವುದು ಯಾವ ಕಂಪನಿಯ ಸರಕು ಎಂದು ಕೂಗಿ ಹೇಳುವುದು. ಬೆಳಗಿನಿಂದ ಬೈಗಿನವರೆಗೆ ಅದೇ ಕೆಲಸ ಮಾಡಿ ಮಾಡಿ, ಮರದ ಮೇಲೆ ಅಕ್ಷರ ಕಂಡರೆ ಅದು ಕಂಪನಿಯ ಹೆಸರೇ ಎಂಬ ನಂಬಿಕೆ ಅವನ ಎಲುಬಿಗಿಳಿದಿತ್ತು. ಒಮ್ಮೆ ಉದ್ಯಾನದ ಬೆಂಚಿನ ಮೇಲೆ ಯಾರೋ ಪ್ರೇಮಿಗಳು ಒತ್ತೊತ್ತಾಗಿ ಕೆತ್ತಿದ್ದ ಎರಡು ಹೆಸರುಗಳನ್ನು ಓದಿ, “ಈ ಪಾಲುದಾರರು ಒಳ್ಳೆಯ ಮರ ಹಾಕಿದ್ದಾರೆ ಕಣೇ” ಎಂದು ಹೆಂಡತಿಗೆ ಹೇಳಿದ್ದನಂತೆ. ಇದನ್ನು ಕೆಲವರು ಕಟ್ಟುಕತೆ ಎನ್ನುತ್ತಾರೆ. ಅವನನ್ನು ಬಲ್ಲವರು ಹಾಗೆನ್ನುವುದಿಲ್ಲ.

ಮಗುವನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಎಣ್ಣೆಯ ಡಬ್ಬಿ ಹಿಡಿದು, ಅವನು ತೊಟ್ಟಿಲನ್ನು ನಡುಮನೆಗೆ ತಂದು ಬೋರಲು ಹಾಕಿದ. ಅತ್ತೆಯ ಮನೆಯಿಂದ ಲಾರಿಯಲ್ಲಿ ಬಂದಿದ್ದ ಹಳೆಯ ತೊಟ್ಟಿಲು ಅದು. ಅಡಿಹಲಗೆಯ ಮೂಲೆಯಲ್ಲಿ ಒಂದು ಪುಟ್ಟ ಲಂಗರಿನ ಚಿತ್ರ. ಅದರ ಪಕ್ಕದಲ್ಲಿ, ಉಳಿಯಿಂದ ನಯವಾಗಿ ಕೊರೆದ ಎರಡಕ್ಷರ: ಹನಾ.

“ಲಂಗರು ಮಾರ್ಕಿನ ಹನಾ ಕಂಪನಿ” ಎಂದು ಗುಮಾಸ್ತನು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದ. ಓದಿದವನು ಹಾಗೆಯೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟ. ಎಣ್ಣೆ ಕಾಲಿನ ಮೇಲೆ ತೊಟ್ಟಿಕ್ಕಿದರೂ ಅವನಿಗೆ ಅರಿವಿಲ್ಲ. ಎಷ್ಟು ಮೃದುವಾದ ಶಬ್ದ! ಎಷ್ಟು ಪುಟ್ಟ ಶಬ್ದ! ಮಗಳ ಹೆಸರು ಕೊನೆಗೂ ಸಿಕ್ಕಿತ್ತು, ಅದೂ ಸಂಜೆಯ ರೈಲು ಬರುವುದಕ್ಕೆ ಮೊದಲೇ.

ಆ ರೈಲಿನಲ್ಲಿ ಬರುತ್ತಿದ್ದವರು ಅತ್ತೆ.

ಹೆಂಡತಿಯ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಅಜ್ಜಿ ಬಂದು ಮಗುವಿನ ಮುಖ ನೋಡುವ ಹೊತ್ತಿಗೆ ಮಗುವಿಗೆ ಹೆಸರು ಆಗಿರದಿದ್ದರೆ, ಅಜ್ಜಿಯ ಹೆಸರೇ ಮಗುವಿನ ಹೆಸರು. ಹೆಸರು ಕೊಟ್ಟ ಹಿರಿಯರು ಮಗು ಶಾಲೆಗೆ ಹೋಗುವವರೆಗೆ ಅದೇ ಮನೆಯಲ್ಲಿದ್ದು ಅದನ್ನು ಸಾಕಬೇಕು. ಸಾಕುವುದು ಎಂದರೆ ಮಗುವನ್ನಷ್ಟೇ ಅಲ್ಲ. ಬೀಗದ ಕೈ, ಅಡುಗೆಮನೆ, ರೇಡಿಯೋ, ಒರಗು ಕುರ್ಚಿ, ಮಗುವಿನ ತಂದೆ, ಎಲ್ಲವೂ ಆ ಸಾಕಣೆಯಲ್ಲಿ ಸೇರುತ್ತಿದ್ದವು.

ಗುಮಾಸ್ತನ ಷಡ್ಡಕ ಇದನ್ನು ಅನುಭವಿಸಿದವನು. ಹೆಂಡತಿಯ ಅಕ್ಕನ ಗಂಡನಾದ ಆತ ಮೊದಲ ಮಗಳಿಗೆ ಹೆಸರಿಡುವುದನ್ನು ‘ನಾಳೆ ನೋಡೋಣ’ ಎಂದು ಮುಂದಕ್ಕೆ ಹಾಕಿದ್ದ. ಆಮೇಲೆ ವರ್ಷಗಟ್ಟಲೆ ತನ್ನದೇ ಮನೆಯ ಹಜಾರದಲ್ಲಿ ಮುಕ್ಕಾಲಿಯ ಮೇಲೆ ಕುಳಿತು ದಿನಪತ್ರಿಕೆ ಓದಿದ. ಅವನ ಮಗಳು ಶಾಲೆಗೆ ಸೇರಿದ್ದು ಮೊನ್ನೆ ಮೊನ್ನೆ. ಅವನು ಮಾತ್ರ ಇನ್ನೂ ಪಿಸುಮಾತಿನಲ್ಲೇ ಮಾತಾಡುವ ರೂಢಿ ಬಿಟ್ಟಿರಲಿಲ್ಲ.

“ಹೆಸರು ಸಿಕ್ತಾ?” ಎಂದು ಬೆಳಿಗ್ಗೆಯೇ ಫೋನಿನಲ್ಲಿ ಪಿಸುಗುಟ್ಟಿದ್ದ.

“ಇನ್ನೂ ಇಲ್ಲ ಭಾವ.”

“ಅಯ್ಯೋ ಪುಣ್ಯಾತ್ಮ! ಅತ್ತೆ ರೈಲು ಹತ್ತಿಯಾಯ್ತು. ನಾನೇ ಹತ್ತಿಸಿ ಬಂದೆ. ಸಂಜೆಯೊಳಗೆ ಕಚೇರಿಯಲ್ಲಿ ಬರೆಸಿಬಿಡು. ಸರ್ಕಾರಿ ಪುಸ್ತಕಕ್ಕೆ ಹೆಸರು ಏರಿಬಿಟ್ರೆ ಅವರೂ ತುಟಿ ಬಿಚ್ಚೋ ಹಾಗಿಲ್ಲ. ಇಲ್ದಿದ್ರೆ ನಿನಗೊಂದು ಒಳ್ಳೆ ಮುಕ್ಕಾಲಿ ಕಳಿಸಿಕೊಡ್ತೀನಿ. ನನ್ನದು ಈಗ ಖಾಲಿ ಇದೆ.”

ಗುಮಾಸ್ತನ ಹೆಂಡತಿಗೂ ತಾಯಿಯ ಪಹರೆ ಬೇಡವಾಗಿತ್ತು. ಎದುರಿಗೆ ಹೇಳಲು ಬಾಯಿರಲಿಲ್ಲ, ಅಷ್ಟೆ. ಆದರೆ ಅವಳದೊಂದು ಹಟ. ಅವಳ ಹೆಸರಿಗೆ ಚಿಕ್ಕಂದಿನ ನೆರೆಮನೆಯವರ ಭಾಷೆಯಲ್ಲಿ ‘ಹರಕು ಚೀಲ’ ಎಂಬ ಅರ್ಥವಿದ್ದು, ಓರಗೆಯ ಮಕ್ಕಳೆಲ್ಲ ಅವಳನ್ನು ಆಡಿಕೊಂಡು ಅಳಿಸಿದ್ದರು. ಈಗ ಅವರಿದ್ದದ್ದು ಬಂದರಿನ ಕಟ್ಟಡ. ಒಂದೊಂದು ಮಹಡಿಯಲ್ಲೂ ಒಂದೊಂದು ಭಾಷೆ. “ನನ್ನ ಮಗಳು ಇದೇ ಮೆಟ್ಟಿಲ ಮೇಲೆ ಆಡಬೇಕಲ್ರೀ. ಕಟ್ಟಡದ ಒಂದು ಭಾಷೆಯಲ್ಲೂ ಕೆಟ್ಟ ಅರ್ಥ ಇರಬಾರ್ದು. ಎಲ್ಲರನ್ನೂ ಕೇಳ್ಕೊಂಡೇ ಹೆಸರಿಡಿ” ಎಂದಿದ್ದಳು. ಹಾಗೆ ಕೇಳಿಕೊಂಡು ಬಂದ ಹೆಸರುಗಳೆಲ್ಲ ಒಂದೊಂದು ಮಹಡಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದವು. ಒಂದು ಹೆಸರಿಗೆ ಕೆಮ್ಮು ಎಂದು ಅರ್ಥ ಬಂದಿತ್ತು, ಇನ್ನೊಂದಕ್ಕೆ ಬೋಳು ತಲೆ.

ಗುಮಾಸ್ತನು ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: “ಹನಾ.”

ಹೆಂಡತಿ ತಲೆಯೆತ್ತಿದಳು. “ಏನಂದ್ರಿ?”

“ಹನಾ. ಮಗುವಿಗೆ.”

ಅವಳು ಒಂದು ಸಲ ತನ್ನಲ್ಲೇ ಹೇಳಿಕೊಂಡಳು. ಇನ್ನೊಂದು ಸಲ ಮಗುವಿನ ಕಿವಿಯ ಹತ್ತಿರ ಹೇಳಿದಳು. ಮಗು ಅಳು ನಿಲ್ಲಿಸಿತು. “ಚೆನ್ನಾಗಿದೆ ಕಣ್ರೀ! ಎಲ್ಲೋ ಕೇಳಿದ ಹಾಗೂ ಇದೆ. ಎಲ್ಲಿ ಸಿಕ್ತು ನಿಮಗೆ?”

ಮಗಳಿಗೆ ತೊಟ್ಟಿಲ ಕಂಪನಿಯ ಹೆಸರಿಡುತ್ತಿದ್ದೇನೆ ಎಂದು ಬಾಣಂತಿಯ ಮುಂದೆ ಯಾವ ಗಂಡಸು ಹೇಳಿಯಾನು? “ಹಂಗೇ ಹೊಳೀತು” ಎಂದು ಗುಮಾಸ್ತನು ಎದೆಯುಬ್ಬಿಸಿದ.

“ಅಬ್ಬ, ನಿಮಗೂ ಹೊಳೆಯುತ್ತೆ! ಸರಿ, ಕೇಳ್ಕೊಂಡು ಬನ್ನಿ.”

ಅವನು ಮೊದಲು ಇಳಿದದ್ದು ನೆಲಮಹಡಿಗೆ. ಅಲ್ಲಿ ನಲ್ಲಿ ರಿಪೇರಿ ಮಾಡುವವನ ಮನೆ. ಬಾಗಿಲೆತ್ತರದ, ಕೆಂಪು ಗಡ್ಡದ, ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡದ ಮನುಷ್ಯ, ಮನೆಮಾತು ಫಿನ್ನಿಷ್. ಗುಮಾಸ್ತನು ಹೆಸರು ಹೇಳಿದ ಕೂಡಲೆ ಅವನ ಕೈಯಲ್ಲಿದ್ದ ಸ್ಪ್ಯಾನರು ಠಣ್ ಎಂದು ಕೆಳಗೆ ಬಿತ್ತು.

“ಹನಾನಾ? ಗುಮಾಸ್ತ್ರೇ, ನಿಜವಾಗ್ಲೂ ಹನಾನಾ?”

“ಯಾಕೆ, ಏನಾದ್ರೂ ತಪ್ಪಿದ್ಯಾ?”

“ತಪ್ಪಾ! ನಮ್ಮ ಭಾಷೆಯಲ್ಲಿ ಹನಾ ಅಂದ್ರೆ ನಲ್ಲಿ!” ಅವನ ಕಣ್ಣು ತುಂಬಿಬಂತು. “ಮೂವತ್ತು ವರ್ಷದಿಂದ ಈ ಕಟ್ಟಡದ ನಲ್ಲಿ ರಿಪೇರಿ ಮಾಡ್ತಿದ್ದೀನಿ. ಒಬ್ಬರಾದ್ರೂ ಒಂದು ಒಳ್ಳೆ ಮಾತು ಆಡಿದ್ದಾರಾ? ನೀವು ಮಗಳಿಗೇ ಆ ಹೆಸರಿಡ್ತಿದ್ದೀರಿ! ಇರಿ, ಇರಿ, ಮಗುವಿಗೆ ಒಂದು ಉಡುಗೊರೆ ಕೊಡಬೇಕು ನಾನು.”

“ಬೇಡ ಬೇಡ, ಈಗ ಬೇಡ” ಎನ್ನುತ್ತ ಗುಮಾಸ್ತನು ಮೆಟ್ಟಿಲು ಹತ್ತಿದ. ಮಗಳ ಹೆಸರು ನಲ್ಲಿ! ಎದೆ ಅರ್ಧ ಕುಸಿದಿತ್ತು. ಆದರೂ ನಲ್ಲಿಯೆಂದರೆ ನೀರು, ನೀರೆಂದರೆ ಜೀವ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡ.

ಮೊದಲ ಮಹಡಿಯಲ್ಲಿ ದರ್ಜಿ ಅಕ್ಕನ ಮನೆ. ಮಾತು ಜಪಾನೀ. ಬಾಯಲ್ಲಿ ಸದಾ ನಾಲ್ಕಾರು ಗುಂಡುಸೂಜಿ. ಹೆಸರು ಕೇಳಿದವಳೇ ಸೂಜಿಗಳನ್ನೆಲ್ಲ ಅಂಗೈಗೆ ಉಗಿದು ನಕ್ಕಳು.

“ಹೂವು! ನಮ್ಮಲ್ಲಿ ಹನಾ ಅಂದ್ರೆ ಹೂವು ತಮ್ಮಾ. ಇದಕ್ಕಿಂತ ಒಳ್ಳೆ ಹೆಸರು ಹೆಣ್ಣುಮಗುವಿಗೆ ಎಲ್ಲಿದೆ?”

“ಬದುಕಿಸಿದ್ರಿ ಅಕ್ಕ!”

“ಮೂಗು ಅಂತಲೂ ಆಗುತ್ತೆ ಅನ್ನು.”

“ಏನು?”

“ಬರೀ ಆ ಶಬ್ದ ಒಂದನ್ನೇ ಹೇಳಿದ್ರೆ ಹೂವೋ ಮೂಗೋ ಅಂತ ನಮಗೂ ಗೊತ್ತಾಗಲ್ಲ. ಮುಂದಿನ ಮಾತು ಕೇಳಿ ತಿಳ್ಕೋಬೇಕು.” ಅವಳು ಗುಮಾಸ್ತನ ಮುಖದ ನಡುಭಾಗವನ್ನು ಅಳತೆಯ ಟೇಪಿನ ಕಣ್ಣಿಂದ ನೋಡಿದಳು. “ಮಗು ಯಾರ ಹಾಗಿದೆ?”

ಮಗು ಅಚ್ಚು ತಂದೆಯ ಹಾಗಿತ್ತು. ತಂದೆಯ ಮೂಗಾದರೋ, ಅವನು ಗೋದಾಮಿನ ಬಾಗಿಲಿಗೆ ಬರುವ ಕ್ಷಣಕಾಲ ಮೊದಲೇ ಒಳಗೆ ಹಾಜರಿ ಹಾಕುತ್ತಿತ್ತು.

“ಹೂವು ಅಂತಲೇ ಇಟ್ಕೊಳೋಣ ಅಕ್ಕ” ಎಂದ ಗುಮಾಸ್ತ ಸಣ್ಣ ದನಿಯಲ್ಲಿ.

“ಇಟ್ಕೋ, ಇಟ್ಕೋ. ಒಂದು ಟೊಪ್ಪಿಗೆ ಹೊಲಿದು ಹೂ ಕಸೂತಿ ಹಾಕಿ ತರ್ತೀನಿ. ಅನುಮಾನವೇ ಬರಬಾರ್ದು!”

ಮೂರನೆಯ ಮಹಡಿಯ ಕವಾಯತು ಮೇಷ್ಟ್ರು ಗುಮಾಸ್ತನ ತಲೆಯ ಮೇಲಿನ ಮನೆಯವರು, ಕೊರಿಯನ್ ಮಾತಿನವರು. ಹೆಸರನ್ನು ಕೇಳಿ ಅವರು ಹುಬ್ಬು ಗಂಟಿಕ್ಕಿದರು.

“ಗುಮಾಸ್ತ್ರೇ, ನೀವು ಬೆಳಿಗ್ಗೆ ಹೊತ್ತು ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತೀರಾ?”

“ಇಲ್ಲವಲ್ಲ ಮೇಷ್ಟ್ರೇ.”

“ಮತ್ತೆ? ದಿನಾ ಮುಂಜಾನೆ ನಿಮ್ಮ ತಲೆಯ ಮೇಲೆ ನಾನು ಹನಾ, ದುಲ್, ಸೆತ್ ಅಂತ ಎಣಿಸ್ಕೊಂಡು ಕುಣೀತೀನಲ್ಲ! ಹನಾ ಅಂದ್ರೆ ಒಂದು.”

“ಓಹೋ! ಒಂದು. ಮೊದಲನೇದು. ಒಳ್ಳೇ ಅರ್ಥವೇ.”

“ಒಳ್ಳೇದೇ. ಆದ್ರೆ ಎಣಿಸೋಕೆ ಶುರು ಮಾಡಿದ್ಮೇಲೆ ನಿಲ್ಲಿಸೋದು ಶಿಸ್ತಲ್ಲ.” ಮೇಷ್ಟ್ರು ಸೆಟೆದು ನಿಂತರು. “ಎರಡನೇದು ಯಾವಾಗ?”

ಗುಮಾಸ್ತನು ಆಗಲೇ ಅದೇ ಮಹಡಿಯ ಎದುರು ಬಾಗಿಲು ತಟ್ಟುತ್ತಿದ್ದ. ಅಲ್ಲಿದ್ದವಳು ಹಡಗುಗಳಲ್ಲಿ ಅಡುಗೆ ಮಾಡಿ ದಣಿದು, ದಡಕ್ಕೆ ಬಂದ ಮೇಲೂ ಎಲ್ಲರಿಗೂ ಆಜ್ಞೆ ಕೊಡುವ ಅಡುಗೆ ದೊಡ್ಡಮ್ಮ. ಮಾತು ಸ್ವಾಹಿಲಿ. ಅವಳ ಜೊತೆ, ಚಹಾ ಕುಡಿಯುವ ನೆಪದಲ್ಲಿ ಜಗಳಾಡಲು ಬಂದಿದ್ದ ಗಡಿಯಾರದ ತಾತನೂ ಇದ್ದ. ಅವನದು ಅರಬ್ಬಿ. ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

“ಹನಾ?” ಅಡುಗೆ ದೊಡ್ಡಮ್ಮ ಸೌಟು ಕೆಳಗಿಟ್ಟಳು. “ಅಯ್ಯೋ ಕೂಸೇ! ಹನಾ ಅಂದ್ರೆ ‘ಅವಳ ಹತ್ರ ಇಲ್ಲ’ ಅಂತ.”

“ಏನಿಲ್ಲ ದೊಡ್ಡಮ್ಮ?”

“ಅದನ್ನ ನೀನು ಹೇಳಬೇಕಪ್ಪ. ‘ಇಲ್ಲ’ ಅನ್ನೋವರೆಗೆ ಮಾತ್ರ ಅದರ ಜವಾಬ್ದಾರಿ. ಹಲ್ಲಿಲ್ಲ, ಬುದ್ಧಿ ಇಲ್ಲ, ಗಂಡ ಇಲ್ಲ, ಏನು ಬೇಕಾದ್ರೂ ಮುಂದೆ ಸೇರಿಸ್ಕೋ.”

ಹಿಂದೆಯೇ ಗಡಿಯಾರದ ತಾತ ಮೇಜು ಗುದ್ದಿದ. “ಇವಳ ಮಾತು ಕೇಳ್ಬೇಡ ಮಗಾ! ನಮ್ಮ ಅರಬ್ಬಿಯಲ್ಲಿ ಹನಾ ಅಂದ್ರೆ ನೆಮ್ಮದಿ, ಸುಖ. ಮಗುವಿನ ನೆತ್ತಿ ಮೇಲೆ ಸುಖ ಅಂತ ಬರೆದಿಟ್ಟ ಹಾಗೆ.”

“ಎರಡೂ ಸೇರಿಸಿ ಹೇಳು ಮುದುಕ. ಅವಳ ಹತ್ರ ಸುಖ ಇಲ್ಲ!”

“ನಿನ್ನ ನಾಲಿಗೆಗೆ ಎಣ್ಣೆ ಹಾಕಿ ತೊಳೀಬೇಕು! ಮಗು ಹೆಸರು ಹಾಳು ಮಾಡ್ತೀಯಾ?”

“ನಾನು ಹಾಳು ಮಾಡಿದ್ನಾ? ಯಾರು ಹಾಗಂದದ್ದು?” ದೊಡ್ಡಮ್ಮನಿಗೆ ಈಗ ನಿಜವಾಗಿಯೇ ರೋಷ ಬಂತು. “ಕೂಸೇ, ಹೆಸರು ಬದಲಾಯಿಸಿದ್ಯೋ ಜೋಕೆ. ‘ಅವಳಿಗೆ ಚಿಂತೆ ಇಲ್ಲ’ ಅಂತ ಮುಂದೆ ಸೇರಿಸ್ಕೊಂಡ್ರೆ ಆಯ್ತು. ಈ ಮುದುಕನ ಸುಖಕ್ಕಿಂತ ಅದು ಗಟ್ಟಿ. ನಡಿ, ನಾನೇ ಬಂದು ನಿನ್ನ ಹೆಂಡತಿಗೆ ಹೇಳ್ತೀನಿ.”

“ನೀನೊಬ್ಬಳೇ ಹೋಗಿ ಏನು ಕಿವಿ ಊದ್ತೀಯೋ! ನಾನೂ ಬರ್ತೀನಿ” ಎಂದ ತಾತ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯುವುದನ್ನೂ ಮರೆತು ಹೊರಟ.

ಹೀಗೆ ಗುಮಾಸ್ತನು ತನ್ನ ಮನೆಗೆ ಹಿಂದಿರುಗುವಾಗ ಜಗಳ ಕೇಳಿ ಹೊರಬಂದ ಮೇಷ್ಟ್ರೂ ಸೇರಿ ಹಿಂದೆ ಒಂದು ಪುಟ್ಟ ಮೆರವಣಿಗೆಯೇ ಇತ್ತು. ಮನೆಯಲ್ಲಿ ನೋಡಿದರೆ ನಲ್ಲಿಯವನು ಆಗಲೇ ಹಾಜರು. ಅಡುಗೆಮನೆಯಲ್ಲಿ ಮಂಡಿಯೂರಿ ಕುಳಿತು, ಸೋರುತ್ತಿದ್ದ ಹಳೆಯ ನಲ್ಲಿಯನ್ನು ಕಿತ್ತು, ಹೊಳೆಯುವ ಹಿತ್ತಾಳೆಯ ಹೊಸದೊಂದನ್ನು ಜೋಡಿಸುತ್ತಿದ್ದ.

“ಮಗುವಿಗೆ ಉಡುಗೊರೆ” ಎಂದ, ತಿರುಗಿ ನೋಡದೆ. ದಿನದ ನಾಲ್ಕು ಮಾತು ಅವನ ಪಾಲಿಗೆ ಎಂದೋ ಮುಗಿದುಹೋಗಿತ್ತು.

“ನೀರು ನಿಲ್ಲಿಸಿದ್ದೀರಾ?” ಎಂದು ಕೇಳಿದ ಗುಮಾಸ್ತ.

ಮೂವತ್ತು ವರ್ಷದಲ್ಲಿ ಆತ ಕೆಳಗಿನ ದೊಡ್ಡ ಕೊಳವೆಯ ತಿರುಪು ಬಿಗಿಯುವುದನ್ನು ಮರೆತದ್ದು ಅದೊಂದೇ ದಿನ. ಆನಂದದಲ್ಲಿ ಮನುಷ್ಯ ಏನೇನು ಮರೆಯುತ್ತಾನೆ! ಹೊಸ ನಲ್ಲಿ ಬಂದೂಕಿನ ಗುಂಡಿನಂತೆ ಹಾರಿ ಪಾತ್ರೆಗಳ ನಡುವೆ ಬಿತ್ತು. ನೀರಿನ ಕಂಬವೊಂದು ನೆಟ್ಟಗೆ ಗುಮಾಸ್ತನ ಮೂಗಿಗೇ ಬಡಿಯಿತು. ಅವನಿಗಿದ್ದ ಒಂದೇ ಒಳ್ಳೆಯ ಅಂಗಿ, ಒಂದೇ ಒಳ್ಳೆಯ ಪ್ಯಾಂಟು, ಕಚೇರಿಗೆ ಹೋಗಲೆಂದು ಬೆಳಿಗ್ಗೆಯೇ ತೊಟ್ಟಿದ್ದವು, ಕ್ಷಣಾರ್ಧದಲ್ಲಿ ತೊಯ್ದು ಮೈಗೆ ಅಂಟಿಕೊಂಡವು. ನಲ್ಲಿಯವನು ಅಂಗೈಯಿಂದ ಕೊಳವೆಯ ಬಾಯಿ ಒತ್ತಿ ಹಿಡಿದ. ಗಡಿಯಾರದ ತಾತ ತಿರುಪು ಬಿಗಿಯಲು ಕೆಳಕ್ಕೆ ಓಡಿದ. ಕವಾಯತು ಮೇಷ್ಟ್ರು ಎಲ್ಲರಿಗೂ ಸಾಲಾಗಿ ಒದ್ದೆಯಾಗಲು ಆದೇಶ ಕೊಟ್ಟರು.

ಈ ಗದ್ದಲದ ನಡುವೆ ಕೋಣೆಯಿಂದ ಹೆಂಡತಿಯ ನಗು ಕೇಳಿಸಿತು. ಅವಳಿಗೆ ದೊಡ್ಡಮ್ಮ ಎಲ್ಲ ಅರ್ಥವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಯಾಗಿತ್ತು.

“ರೀ, ನಲ್ಲಿಯಂತೆ, ಮೂಗಂತೆ, ಒಂದಂತೆ! ಒಂದೂ ಕೆಟ್ಟದ್ದಲ್ಲ. ಹರಕು ಚೀಲಕ್ಕಿಂತ ಸಾವಿರ ಪಾಲು ವಾಸಿ. ಹೋಗಿ, ಬರೆಸಿಬಿಡಿ. ಅಮ್ಮನ ರೈಲು ಬರೋ ಹೊತ್ತಾಗ್ತಾ ಬಂತು!”

ಒಣಬಟ್ಟೆ ಎಲ್ಲಿಂದ ತರುವುದು? ಮನೆಯಲ್ಲಿದ್ದದ್ದೆಲ್ಲ ಮಗುವಿನ ಬಟ್ಟೆಯ ಜೊತೆ ಹಗ್ಗದ ಮೇಲಿತ್ತು. ಮೇಷ್ಟ್ರು ತಮ್ಮ ಹಳೆಯ ಸಮವಸ್ತ್ರ ತಂದುಕೊಟ್ಟರು: ಹಿತ್ತಾಳೆ ಗುಂಡಿಯ ಕೋಟು, ಕೆಂಪು ಪಟ್ಟಿಯ ಪ್ಯಾಂಟು, ಬೂಟು, ಕೊರಳಿಗೆ ಸೀಟಿ. ಕೋಟಿನ ತೋಳು ಮೊಣಕೈ ದಾಟುತ್ತಿರಲಿಲ್ಲ, ಪ್ಯಾಂಟು ಮೀನಖಂಡದಲ್ಲೇ ನಿಲ್ಲುತ್ತಿತ್ತು. “ಸೀಟಿ ತೆಗೀಬೇಡಿ. ಅದಿಲ್ದಿದ್ರೆ ಸಮವಸ್ತ್ರ ಅರ್ಧ” ಎಂದರು ಮೇಷ್ಟ್ರು.

ಗುಮಾಸ್ತನು ಬೀದಿಗೆ ಬಿದ್ದು ಓಡಿದ. ಅವನ ಹಿಂದೆ ಮೇಷ್ಟ್ರು, ಹೆಜ್ಜೆ ತಪ್ಪಿದಾಗಲೆಲ್ಲ ಬೈಯುತ್ತ. ಅವರ ಹಿಂದೆ ದೊಡ್ಡಮ್ಮ ಮತ್ತು ತಾತ, ಜಗಳ ಮುಂದುವರಿಸುತ್ತ. ಅವರ ಹಿಂದೆ ದರ್ಜಿ ಅಕ್ಕ, ಓಡುತ್ತಲೇ ಟೊಪ್ಪಿಗೆಗೆ ಕಸೂತಿ ಹಾಕುತ್ತ. ಎಲ್ಲರ ಹಿಂದೆ ನಲ್ಲಿಯವನು, ತಪ್ಪಿತಸ್ಥನ ಮುಖ ಹೊತ್ತು. ದಾರಿಯಲ್ಲಿ ಎರಡು ಸೈಕಲ್ಲು, ಒಂದು ಕೈಗಾಡಿ ತಾವಾಗಿ ಪಕ್ಕಕ್ಕೆ ಸರಿದವು. ಯಾರೋ ದೊಡ್ಡವರನ್ನು ಹಿಡಿಯಲು ಹೊರಟಿದ್ದಾರೆಂದು ಜನ ತಿಳಿದರು. ಹಿಡಿಯುವವನೇ ಗುಮಾಸ್ತನೋ, ತಪ್ಪಿಸಿಕೊಂಡವನೇ ಗುಮಾಸ್ತನೋ ಎಂಬ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ.

ಜನನ ನೋಂದಣಿಯ ಕಚೇರಿಯಲ್ಲಿ ಸಾಲು ಬಾಗಿಲು ದಾಟಿ ಹೊರಗೆ ಬಂದಿತ್ತು. ಗುಮಾಸ್ತನು ಏದುಸಿರು ಬಿಡುತ್ತ ಬಂದಾಗ ತುಟಿಯ ನಡುವೆ ಸಿಕ್ಕಿಕೊಂಡಿದ್ದ ಸೀಟಿ ಅವನ ಉಸಿರಿಗೇ ಪೀ ಎಂದು ಕೂಗಿತು. ಸಾಲಿನಲ್ಲಿದ್ದವರು ಬೆಚ್ಚಿ ಗೋಡೆಗೆ ಒರಗಿ ದಾರಿ ಬಿಟ್ಟರು. ಅವನು ಕಿಟಕಿಯ ಮುಂದೆ ಹೋಗಿ ನಿಂತ.

ಕಿಟಕಿಯ ಆಚೆಯ ನೋಂದಣಿ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಸಮವಸ್ತ್ರವನ್ನೂ ಮೀನಖಂಡವನ್ನೂ ನೋಡಿ ಮತ್ತೆ ತೆಗೆದರು.

“ಹೆಣ್ಣೋ ಗಂಡೋ?”

“ಹೆಣ್ಣು ಸ್ವಾಮಿ.”

“ಹೆಸರು?”

“ಹನಾ.”

ಅಧಿಕಾರಿಯ ಪೆನ್ನು ಗಾಳಿಯಲ್ಲೇ ನಿಂತಿತು. “ಹನಾ ಅಂದ್ರೆ ಏನು?”

ಕೇಳಬಾರದಿತ್ತು. ಗುಮಾಸ್ತನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಐದು ಗಂಟಲು ಒಟ್ಟಿಗೆ ಹಾರಿದವು.

“ಒಂದು!”

“ಹೂವು!”

“ನಲ್ಲಿ!”

“ಸುಖ!”

“ಇಲ್ಲ!”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಹೂವಿನ ನಲ್ಲಿಯಲ್ಲಿ ಸುಖ ಇಲ್ಲ. ಇದು ಹೆಸರೇನ್ರೀ? ಒಗಟು ಬಿಡಿಸೋಕೆ ಇನ್ನೊಂದು ಕಿಟಕಿ ಇದೆಯೇನು ನೋಡಿ.”

“ಸ್ವಾಮಿ, ದಯವಿಟ್ಟು ಬರ್ಕೊಳ್ಳಿ! ನನ್ನ ಅತ್ತೆ ರೈಲಿನಲ್ಲಿದ್ದಾರೆ!” ಗುಮಾಸ್ತನು ಕಿಟಕಿಯ ಸರಳುಗಳನ್ನು ಹಿಡಿದುಕೊಂಡ. ಆ ಭಂಗಿಯಲ್ಲಿ ಅವನನ್ನು ನೋಡಿದವರಿಗೆ, ಸಾಲಿನಲ್ಲಿದ್ದವರು ಹೊರಗೂ ಅವನು ಒಳಗೂ ಇದ್ದಂತೆ ಕಾಣುತ್ತಿತ್ತು.

ಅಧಿಕಾರಿಗೂ ಒಬ್ಬ ಅತ್ತೆಯಿದ್ದಿರಬೇಕು. ಮುಖ ಸ್ವಲ್ಪ ಸಡಿಲವಾಯಿತು. “ನಮ್ಮದು ಹವಾಯಿ ಭಾಷೆ. ನಮ್ಮಲ್ಲಿ ಹನಾ ಅಂದ್ರೆ ಏನು ಗೊತ್ತೇನ್ರಿ? ಕೆಲಸ! ಬಾಗಿಲು ಹಾಕೋ ಹೊತ್ತಿಗೆ ಸರಿಯಾಗಿ ತಂದಿಟ್ರಿ.” ನಿಟ್ಟುಸಿರು ಬಿಟ್ಟು ಬರೆದರು. ಬರೆದು ಊದಿದರು. “ನೋಡಿ, ಇನ್ನು ಮಸಿ ಒಣಗಿತು. ಒಣಗಿದ ಮೇಲೆ ಈ ಪುಸ್ತಕದಲ್ಲಿ ಯಾರೂ ಏನೂ ಬದಲಾಯಿಸೋ ಹಾಗಿಲ್ಲ. ನೀವು ಕಾಲು ಹಿಡಿದ್ರೂ ಇಲ್ಲ.”

“ಅದೇ ಬೇಕಿತ್ತು ಸ್ವಾಮಿ, ಅದೇ ಬೇಕಿತ್ತು ನನಗೆ!” ಎಂದು ಗುಮಾಸ್ತನು ಆನಂದದಿಂದ ಒಂದು ಸೀಟಿಯನ್ನೇ ಊದಿಬಿಟ್ಟ.

ಅವರೆಲ್ಲ ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಒಳಗೆ, ಒರಗು ಕುರ್ಚಿಯಲ್ಲಿ, ಅತ್ತೆ ಕುಳಿತಿದ್ದರು. ಕಾಲ ಬುಡದಲ್ಲಿ ಒಂದು ಪುಟ್ಟ ಕೈಚೀಲ. ಮಗುವನ್ನು ಇನ್ನೂ ನೋಡಿರಲಿಲ್ಲ. ತಂದೆ ಎದುರಿಗಿಲ್ಲದೆ ನೋಡುವುದು ಕಟ್ಟಳೆಯಲ್ಲ ಎಂದು ಕೋಣೆಯ ಕಡೆಗೆ ಬೆನ್ನು ಹಾಕಿ ಕುಳಿತಿದ್ದರು. ಅಳಿಯನ ವೇಷವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಳಿಯಂದ್ರು ಗೋದಾಮು ಬಿಟ್ಟು ಬ್ಯಾಂಡಿಗೆ ಸೇರಿದ್ರೇನು?”

“ಇಲ್ಲ ಅತ್ತೆ, ಕಚೇರಿಗೆ ಹೋಗಿದ್ದೆ.” ಗುಮಾಸ್ತನು ಕೋಟಿನ ಗುಂಡಿ ನೇರ ಮಾಡಿಕೊಂಡ. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು ಈಗ ಬಾಯಿಗೆ ಬಂತು. “ಮಗುವಿಗೆ ಹೆಸರಿಟ್ಟಾಯ್ತು. ಸರ್ಕಾರಿ ಪುಸ್ತಕಕ್ಕೂ ಏರಿಯಾಯ್ತು. ಇನ್ನು ಬದಲಾಯಿಸೋಕೆ ಆಗಲ್ಲ.”

ಬಾಗಿಲಲ್ಲಿ ನೆರೆಹೊರೆಯವರು ಒತ್ತಿಕೊಂಡು ಇಣುಕಿದರು. ಅತ್ತೆ ಸಿಡಿಯುತ್ತಾರೆಂದೇ ಎಲ್ಲರ ಎಣಿಕೆ. ಅತ್ತೆ ಸಿಡಿಯಲಿಲ್ಲ. ಅವರ ಮುಖದ ಮೇಲೆ ಮೂಡಿದ್ದು ನಿರಾಳ.

“ಒಳ್ಳೇದಾಯ್ತು ಬಿಡಿ” ಎಂದರು. “ನಾನೂ ಅದನ್ನೇ ಹೇಳಬೇಕು ಅಂತ ಬಂದೆ. ದೊಡ್ಡಳಿಯಂದ್ರ ಮನೇಲಿ ಇಷ್ಟು ವರ್ಷ ದುಡಿದು ಸಾಕಾಯ್ತು. ಈ ಸಲ ನನ್ನ ಹೆಸರು ಬೇಡ, ನೀವೇ ಬೇರೆ ಇಟ್ಕೊಳ್ಳಿ ಅಂತ ಹೇಳಿ, ಮಗು ಮುಖ ನೋಡಿ, ನಾಳೆ ಬೆಳಗಿನ ರೈಲಿಗೆ ಹೊರಡೋದು ಅಂತಲೇ ಒಂದು ಜೊತೆ ಬಟ್ಟೆ ಮಾತ್ರ ತಂದೆ. ನನ್ನ ತಂಗಿ ಸಮುದ್ರದ ದಂಡೇಲಿ ಮನೆ ಮಾಡಿದ್ದಾಳೆ. ಇಬ್ಬರೂ ಕಾಲು ಚಾಚ್ಕೊಂಡು ಇರೋಣ ಅಂತಿದ್ದೀವಿ.”

ಗುಮಾಸ್ತನಿಗೆ ಮೇಷ್ಟ್ರ ಬೂಟಿನೊಳಗೇ ಕುಣಿಯಬೇಕೆನಿಸಿತು. ಹೆಂಡತಿ ಕೋಣೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತು, ಅವನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

“ಏನು ಹೆಸರಿಟ್ರಿ?” ಅತ್ತೆ ಏಳುತ್ತ ಕೇಳಿದರು.

“ಹನಾ!” ಎಂದ ಗುಮಾಸ್ತ.

ಅರ್ಧ ಎದ್ದಿದ್ದ ಅತ್ತೆ ಮತ್ತೆ ಕುಳಿತರು.

“ಇನ್ನೊಂದು ಸಲ ಹೇಳಿ.”

“ಹನಾ, ಅತ್ತೆ. ಹೂವು ಅಂತ ಅರ್ಥ. ಸುಖ ಅಂತಲೂ...”

“ಆ ತೊಟ್ಟಿಲು ಎಲ್ಲಿ?”

ತೊಟ್ಟಿಲು ನಡುಮನೆಯಲ್ಲಿ, ಅವನು ಬಿಟ್ಟು ಹೋದ ಹಾಗೆಯೇ, ಬೋರಲು ಬಿದ್ದಿತ್ತು. ಅತ್ತೆ ಅದರ ಬಳಿ ನೆಲದ ಮೇಲೆ ಕುಳಿತರು. ಅಡಿಹಲಗೆಯ ಅಕ್ಷರಗಳ ಮೇಲೆ ಬೆರಳಾಡಿಸಿದರು.

“ನಮ್ಮಪ್ಪ ಹಡಗಿನ ಬಡಗಿ. ಹೋದ ಹೋದ ರೇವಿನಲ್ಲೆಲ್ಲ ಕೇಳಿ ಕೇಳಿ, ಎಲ್ಲರಿಗೂ ಒಪ್ಪಿಗೆಯಾದ ಈ ಹೆಸರನ್ನ ನನಗೆ ಇಟ್ಟ. ತೊಟ್ಟಿಲಿಗೂ ಕೆತ್ತಿದ. ನನ್ನನ್ನ ಹೀಗೆ ಕರೀತಿದ್ದವನು ಅವನೊಬ್ಬನೇ. ಮದುವೆಯಾದ ಮೇಲೆ ಉದ್ದದ ಹೆಸರು ಬಂತು. ಅಪ್ಪ ಹೋದ ಮೇಲೆ ಈ ಹೆಸರು ಹೇಳೋರೇ ಇಲ್ಲ. ನನ್ನ ಮಕ್ಕಳಿಗೂ ನಾನು ಹೇಳಿಲ್ಲ.”

“ಹೂಂ ಅಮ್ಮಾ!” ಹೆಂಡತಿ ಬೆರಗಾಗಿ ನುಡಿದಳು. “ಅದಕ್ಕೇ ನನಗೆ ಎಲ್ಲೋ ಕೇಳಿದ ಹಾಗಿತ್ತು! ತಾತ ನಿನ್ನ ಹಾಗೆ ಕರೀತಿದ್ದ. ನಾನು ತೀರಾ ಚಿಕ್ಕವಳು.”

ಬಾಗಿಲಲ್ಲಿದ್ದವರು ನಾ ಮುಂದು ತಾ ಮುಂದು ಎಂದು ದಿನದ ಕತೆಯನ್ನೆಲ್ಲ ಅತ್ತೆಗೆ ಒಪ್ಪಿಸಿದರು. ಅತ್ತೆ ಕಣ್ಣೊರೆಸಿಕೊಂಡು ಅಳಿಯನತ್ತ ತಿರು‌ಗಿದರು. ಆ ನೋಟದಲ್ಲಿದ್ದ ಪ್ರೀತಿಯನ್ನು ಕಂಡು ಗುಮಾಸ್ತನ ಬೆನ್ನುಹುರಿ ತಣ್ಣಗಾಯಿತು.

“ದೊಡ್ಡಳಿಯಂದ್ರು ಬೇರೆ ಹೆಸರು ಸಿಗದೆ ನನ್ನ ಹೆಸರಿಟ್ರು. ನೀವು ಹುಡುಕಿ ಇಟ್ರಿ. ತೊಟ್ಟಿಲ ಅಡಿಗೆ ಬಗ್ಗಿ ನೋಡಿ, ಮನೆ ಮನೆ ತಿರುಗಿ ಅರ್ಥ ಕೇಳಿ, ಒದ್ದೆಯಾಗಿ, ಈ ವೇಷದಲ್ಲಿ ಓಡಿ... ಇಷ್ಟು ಪ್ರೀತಿ ಇಟ್ಕೊಂಡಿದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ.”

“ಇಲ್ಲ ಅತ್ತೆ, ಅದು ಕಂಪನಿ...” ಎಂದು ಗುಮಾಸ್ತ ಬಾಯಿ ತೆರೆದ. ಹೆಂಡತಿಯ ಕಣ್ಣು ಅವನ ಮೇಲೆ ಬಿತ್ತು. ‘ಹಂಗೇ ಹೊಳೀತು’ ಎಂದಿದ್ದ ಬಾಯಿ ಮುಚ್ಚಿಕೊಂಡಿತು.

“ಪುಣ್ಯವಂತ ಅಳಿಯ!” ಎಂದು ದೊಡ್ಡಮ್ಮ ಮೂಗು ಸೀಟಿದಳು. ಗಡಿಯಾರದ ತಾತ ಜೀವಮಾನದಲ್ಲಿ ಮೊದಲ ಸಲ ಅವಳ ಮಾತಿಗೆ ತಲೆಯಾಡಿಸಿದ. ನಲ್ಲಿಯವನು ಬಹಿರಂಗವಾಗಿಯೇ ಅತ್ತ. ದರ್ಜಿ ಅಕ್ಕ ಮಗುವಿನ ತಲೆಗೆ ಟೊಪ್ಪಿಗೆ ತೊಡಿಸಿದಳು. ಓಡುತ್ತ ಹಾಕಿದ ಕಸೂತಿ; ಹೂವು ಕೊನೆಗೂ ಮೂಗೇ ಆಗಿತ್ತು.

ಅತ್ತೆ ಮಗುವನ್ನು ಎತ್ತಿಕೊಂಡು ಮುಖ ನೋಡಿದರು. ಆಮೇಲೆ ಒರಗು ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಹೇಳಿದರು: “ಕಟ್ಟಳೆ ಕಟ್ಟಳೆಯೇ. ನನ್ನ ಹೆಸರು ಹೊತ್ತ ಮೇಲೆ ಸಾಕಬೇಕಾದವಳು ನಾನೇ. ತಂಗಿಗೆ ಹೇಳಿಕಳಿಸ್ತೀನಿ, ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಅಳಿಯಂದ್ರೇ, ಆ ರೇಡಿಯೋ ಸ್ವಲ್ಪ ಈ ಕಡೆ ತಂದಿಡಿ. ಬೀಗದ ಕೈ ಎಲ್ಲಿಡ್ತೀರಿ ನೀವು?”

“ಈ ಹೆಸರು ಈಗ ಬದಲಾಯಿಸೋಕೆ...” ಎಂದು ಗುಮಾಸ್ತನು ಪಕ್ಕದಲ್ಲಿದ್ದ ಮೇಷ್ಟ್ರ ಕಿವಿಯಲ್ಲಿ ಕೇಳಿದ.

“ಮಸಿ ಒಣಗಿದೆ” ಎಂದರು ಮೇಷ್ಟ್ರು, ಸೆಟೆದು ನಿಂತು.

ಫೋನು ಗಂಟೆ ಬಾರಿಸಿತು. ಷಡ್ಡಕನ ದನಿ. ಆದರೆ ಪಿಸುಮಾತಲ್ಲ, ವರ್ಷಗಳ ಮೇಲೆ ಮೊದಲ ಸಲ ಗಂಟಲು ಬಿಚ್ಚಿ ಮಾತಾಡುತ್ತಿದ್ದ. ಗುಮಾಸ್ತನ ಹೆಂಡತಿ ಆಗಲೇ ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದಳು.

“ಕೇಳಿದೆ ಕಣಯ್ಯಾ, ಎಲ್ಲಾ ಕೇಳಿದೆ! ಅತ್ತೆ ಪೆಟ್ಟಿಗೆಗಳನ್ನ ಆಗ್ಲೇ ಲಾರಿಗೆ ಏರಿಸ್ತಿದ್ದೀನಿ. ನಿನ್ನ ಗೋದಾಮಿಗೇ ಬರುತ್ತೆ. ಮುಕ್ಕಾಲಿಯನ್ನೂ ಮೇಲೆ ಕಟ್ಟಿಸಿದ್ದೀನಿ. ಎಲ್ಲದರ ಮೇಲೂ ಹನಾ ಅಂತ ದೊಡ್ಡದಾಗಿ ಬರೆಸಿದ್ದೀನಿ, ಓದೋಕೆ ನಿನಗೆ ಕಷ್ಟ ಆಗಬಾರ್ದು ನೋಡು.” ಅವನು ತೃಪ್ತಿಯಿಂದ ಕೆಮ್ಮಿದ. “ಅಲ್ಲ, ಹೆಸರೇನೋ ಚೆನ್ನಾಗಿದೆ. ಯಾವ್ಯಾವ ಭಾಷೆಯಲ್ಲೋ ಏನೇನೋ ಅರ್ಥವಂತಲ್ಲ. ನಮ್ಮ ಭಾಷೆಯಲ್ಲಿ ಹನಾ ಅಂದ್ರೆ ಏನಯ್ಯಾ?”

ಗುಮಾಸ್ತನು ಒರಗು ಕುರ್ಚಿಯ ಕಡೆಗೆ ನೋಡಿದ. ರೇಡಿಯೋದ ಕಡೆಗೆ ನೋಡಿದ. ಅತ್ತೆಯ ಸೊಂಟದಲ್ಲಿ ಆಗಲೇ ತೂಗುತ್ತಿದ್ದ ತನ್ನ ಮನೆಯ ಬೀಗದ ಕೈಗೊಂಚಲಿನ ಕಡೆಗೆ ನೋಡಿದ.

“ಅತ್ತೆ” ಎಂದು ಪಿಸುಗುಟ್ಟಿದ.